ಒಂದನ್ನು ಉಳಿಸಿದರೆ ಎಷ್ಟು ಉಳಿಯುತ್ತದೆ? ಸಂರಕ್ಷಕ ಸಮಸ್ಯೆಗಳ ಚರಿತ್ರೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಮೊದಲೆರಡು ಕರ್ನೂಲು ಜಿಲ್ಲೆಯ ಪಾಲಾದವು. ಆಡಳಿತ ಬದಲಾದ ಮೇಲೆ ಏನು ಉಳಿದರೆ ತಮ್ಮ ಭಾಷೆ ಉಳಿದಂತೆ ಎಂಬ ಪ್ರಶ್ನೆ ಅಲ್ಲಿನ ಕನ್ನಡಿಗರಿಗೆ ಅಂದಿನಿಂದಲೂ ಇದೆ. ಇದನ್ನು ಹೋಲುವ ಪ್ರಶ್ನೆಯೊಂದಕ್ಕೆ ಗಣಿತದಲ್ಲಿ ಶತಮಾನ ಮೀರಿದ ಚರಿತ್ರೆಯಿದೆ.

1897ರಲ್ಲಿ ಜರ್ಮನಿಯ ಫ್ರೊಬೇನಿಯಸ್, ಚೌಕ ಮಾತೃಕೆಗಳ ನಿರ್ಧಾರಕವನ್ನು ಬದಲಿಸದ ರೇಖೀಯ ರೂಪಾಂತರಗಳನ್ನೆಲ್ಲ ಗುರುತಿಸಿದನು. ಅವು ಎರಡೇ ಬಗೆ: ಮಾತೃಕೆಯನ್ನು ಎಡಬಲಗಳಲ್ಲಿ ನಿಶ್ಚಿತ ಮಾತೃಕೆಗಳಿಂದ ಗುಣಿಸುವುದು, ಇಲ್ಲವೆ ಅಡ್ಡಸಾಲು, ಕಂಬಸಾಲುಗಳನ್ನು ಅದಲುಬದಲು ಮಾಡಿ ಹಾಗೆ ಗುಣಿಸುವುದು. ಒಂದೇ ಒಂದು ಸಂಖ್ಯೆಯನ್ನು ಕಾಪಾಡಬೇಕೆಂಬ ಷರತ್ತು ರೂಪಾಂತರದ ಸ್ವರೂಪವನ್ನೇ ನಿರ್ಣಯಿಸಿತು. ಇಂಥವುಗಳಿಗೆ ಸಂರಕ್ಷಕ ಸಮಸ್ಯೆಗಳೆಂದು ಹೆಸರು.

ಅನಂತ ಆಯಾಮದ ಅವಕಾಶಗಳ ಮೇಲಿನ ಪರಿಬದ್ಧ ರೇಖೀಯ ಆಪರೇಟರುಗಳಿಗೆ ಸಾಮಾನ್ಯವಾಗಿ ನಿರ್ಧಾರಕವಿಲ್ಲ. ಅಲ್ಲಿ ಅದರ ಸ್ಥಾನದಲ್ಲಿ ರೋಹಿತವಿದೆ: ಅನನ್ಯತಾ ಆಪರೇಟರಿನ ಎಷ್ಟು ಪಾಲನ್ನು ಕಳೆದಾಗ ವಿಲೋಮವಿಲ್ಲದಂತಾಗುವುದೋ ಆ ಸಂಖ್ಯೆಗಳ ಗಣ. 1967–68ರಲ್ಲಿ ಗ್ಲೀಸನ್, ಕಹಾನ್, ಜೆಲಾಜ್ಕೊ ಪಡೆದ ಫಲಿತದ ಬೆನ್ನಲ್ಲೇ, ವಿಲೋಮವುಳ್ಳವನ್ನು ವಿಲೋಮವುಳ್ಳವುಗಳಿಗೇ ಒಯ್ಯುವ ರೂಪಾಂತರ ಗುಣಾಕಾರದ ರಚನೆಯನ್ನೂ ಕಾಪಾಡುವುದೇ ಎಂದು 1970ರಲ್ಲಿ ಕಪ್ಲಾನ್ಸ್ಕಿ ಕೇಳಿದನು. ಬನಾಖ್ ಅವಕಾಶಗಳ ಸಮಸ್ತ ಪರಿಬದ್ಧ ಆಪರೇಟರುಗಳ ಮಟ್ಟಿಗೆ 1986ರಲ್ಲಿ ಜಾಫರಿಯನ್ ಮತ್ತು ಸುರೂರ್ ಉತ್ತರ ಕೊಟ್ಟರು. ರೋಹಿತವನ್ನು ಕಾಪಾಡುವ ರೇಖೀಯ ರೂಪಾಂತರ ಗುಣಾಕಾರವನ್ನೂ ಕಾಪಾಡುತ್ತದೆ. ಇಲ್ಲವೆ ಅದರ ಅನುಕ್ರಮವನ್ನು ಪೂರ್ತಿ ತಿರುವುತ್ತದೆ. ಎರಡನೆಯದು ಅವಕಾಶಗಳು ಪ್ರತಿಫಲನಶೀಲವಾಗಿದ್ದರೆ ಮಾತ್ರ ಸಾಧ್ಯ.

ಈ ಪ್ರಮೇಯಕ್ಕೆ ಒಂದು ಷರತ್ತುಂಟು: ಎದುರು ಬದಿಯ ಯಾವ ಆಪರೇಟರೂ ರೂಪಾಂತರದ ಹೊರಗುಳಿಯಕೂಡದು. ಒಂದೇ ಗಾತ್ರದ ಮಾತೃಕೆಗಳಲ್ಲಿ ಇದು ತಾನಾಗಿ ಈಡೇರುತ್ತದೆ. ಅನಂತ ಆಯಾಮದಲ್ಲಿ ಈಡೇರಬೇಕಾಗಿಲ್ಲ. ಹಿಲ್ಬರ್ಟ್ ಅವಕಾಶವನ್ನು ತನ್ನಂಥದೇ ಎರಡು ಭಾಗಗಳಾಗಿ ಒಡೆದು, ಆಪರೇಟರನ್ನು ಎರಡು ಕರ್ಣಸ್ಥಾನಗಳಲ್ಲೂ ಇರಿಸಿ, ಮೇಲಿನ ಮೂಲೆಯಲ್ಲಿ ಅದರ ಮೇಲೆ ರೇಖೀಯವಾಗಿ ಅವಲಂಬಿಸಿದ ಯಾವುದನ್ನಾದರೂ ತುಂಬಬಹುದು. ರೋಹಿತ ಕೂದಲೆಳೆಯಷ್ಟೂ ಕದಲದು; ಗುಣಾಕಾರ ಮಾತ್ರ ಕೆಟ್ಟಿರಬಹುದು. ಹೀಗೆ ಹೊರಗುಳಿಯುವಿಕೆಯ ಪ್ರಶ್ನೆ ಮುಂದಿನ ಸಂಶೋಧನೆಗಳಲ್ಲೂ ಬಂತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿದ್ದ ಟಿ.ಎಸ್.ಎಸ್.ಆರ್.ಕೆ. ರಾವ್ ಅವರು ಯಾರೋಶ್ ಅವರೊಡನೆ 2003ರಲ್ಲಿ ಪ್ರಕಟಿಸಿದ ಲೇಖನ ಇದೇ ಜಾಡಿನದು: ಪ್ರತಿ ಬಿಂದುವಿನಲ್ಲೂ ಯಾವುದಾದರೊಂದು ಪೂರ್ಣವ್ಯಾಪ್ತಿಯ ಸಮದೂರ ರೂಪಾಂತರಕ್ಕೆ ಹೊಂದುವಂಥದು ಒಟ್ಟಾರೆ ತಾನೂ ಪೂರ್ಣವ್ಯಾಪ್ತಿಯದೇ ಎಂಬ ವಿಚಾರ.

ಭಾಷೆ ರೇಖೀಯವಲ್ಲ, ಪ್ರಮೇಯದಿಂದ ಭಾಷಾನೀತಿ ಹುಟ್ಟದು. ಆದರೂ ಪಶ್ಚಿಮ ಕರ್ನೂಲಿನ ಕನ್ನಡ ಶಾಲೆಗಳ ಕುರಿತು ಯೋಚಿಸುವವರಿಗೆ ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯಿದೆ. ಭಾಷಾಪಾಠವೊಂದು ಉಳಿದಿದೆ ಎಂಬ ಗುರುತು ಕದಲದೆ ಇದ್ದರೂ, ಗಣಿತ ವಿಜ್ಞಾನಗಳಲ್ಲಿ ಯೋಚಿಸುವ ಶಕ್ತಿ ಆ ಭಾಷೆಯಿಂದ ಜಾರಿಹೋಗಿರಬಹುದು. ಕನ್ನಡ ಉಳಿದಿದೆಯೆಂದು ಲೆಕ್ಕ ಬರೆಯುವ ಮುನ್ನ, ಅದು ತಲುಪದೆ ಹೊರಗೆ ಬಿಟ್ಟ ಕ್ಷೇತ್ರಗಳು ಯಾವುವೆಂದು ಎಣಿಸಬೇಕು.