ಗುಟ್ಟು ಕಾಯುವವರ ಕೂಟ

1934ರ ಏಪ್ರಿಲ್‌ನಲ್ಲಿ ಲಂಡನ್ನಿನ ಜಾದೂಗಾರರ ಸಂಘ ಮ್ಯಾಜಿಕ್ ಸರ್ಕಲ್ ಒಂದು ಸಭೆ ಸೇರಿಸಿತು. ಅಧ್ಯಕ್ಷತೆ ವಹಿಸಿದ್ದವರು ಹಿಂದೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ಆಂಪ್ಟ್‌ಹಿಲ್. ಹಗ್ಗವನ್ನು ಆಕಾಶಕ್ಕೆ ಎಸೆದು, ಅದರ ಮೇಲೆ ಹುಡುಗನನ್ನು ಹತ್ತಿಸಿ, ಕಣ್ಣೆದುರೇ ಮಾಯ ಮಾಡುವ ‘ಹಿಂದೂಸ್ತಾನದ ಹಗ್ಗದ ಜಾದೂ’ವನ್ನು ಬಟಾಬಯಲಲ್ಲಿ ಮಾಡಿ ತೋರಿಸಿದವರಿಗೆ 500 ಗಿನಿ ಬಹುಮಾನ ಎಂದು ಸಾರಿದರು. ಆ ಹಣ ಯಾರ ಪಾಲಿಗೂ ಹೋಗಲಿಲ್ಲ. ಹಗ್ಗದ ಕಥೆಗೆ ಜಗತ್ತಿನಾದ್ಯಂತ ರೆಕ್ಕೆ ಬಂದದ್ದು 1890ರ ಆಗಸ್ಟ್ 8ರ ಶಿಕಾಗೊ ಟ್ರಿಬ್ಯೂನ್ ವರದಿಯಿಂದ. ನಾಲ್ಕು ತಿಂಗಳ ಮೇಲೆ ಅದು ಕಟ್ಟುಕಥೆ ಎಂದು ಪತ್ರಿಕೆಯೇ ಒಪ್ಪಿಕೊಂಡಿತು. ಒಪ್ಪಿಗೆಯನ್ನು ಓದಿದವರು ಕಡಿಮೆ, ಕಥೆಯನ್ನು ನಂಬಿದವರು ಲಕ್ಷಾಂತರ.

ಆದರೆ ಹಗ್ಗ ಹತ್ತುವವನ ಮಾತು ಪೂರ್ತಿ ಶಿಕಾಗೊದ ಸೃಷ್ಟಿಯಲ್ಲ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರಾಚಾರ್ಯರು ಕತ್ತಿ ಗುರಾಣಿ ಹಿಡಿದು ಹಗ್ಗದ ಮೇಲೆ ಆಕಾಶಕ್ಕೇರುವ ಮಾಯಾವಿಯ ಉದಾಹರಣೆ ಕೊಡುತ್ತಾರೆ. ಏರಿದಂತೆ ಕಾಣುವವನು ಬೇರೆ, ನಿಜವಾದ ಮಾಯಾವಿ ನೆಲದ ಮೇಲೇ ನಿಂತಿದ್ದಾನೆ ಎನ್ನುವುದು ಅವರ ಮಾತು. ಜಾದೂವಿನ ಮರ್ಮವನ್ನು ಇದಕ್ಕಿಂತ ಚುಟುಕಾಗಿ ಹೇಳಿದವರನ್ನು ನಾನು ಕಾಣೆ. ಹರ್ಷನ ರತ್ನಾವಳಿಯಲ್ಲಿ ಐಂದ್ರಜಾಲಿಕನೊಬ್ಬ ಅರಮನೆಗೇ ಬೆಂಕಿ ಬಿದ್ದಂತೆ ತೋರಿಸುತ್ತಾನೆ. ದಂಡಿಯ ದಶಕುಮಾರ ಚರಿತೆಯಲ್ಲಿ ಇಂದ್ರಜಾಲದ ಆಟವೆಂದು ರಾಜಸಭೆಯನ್ನು ನಂಬಿಸಿ ನಿಜವಾದ ಮದುವೆಯನ್ನೇ ಮಾಡಿ ಮುಗಿಸುತ್ತಾರೆ.  ಹೀಗೆ ಆಸ್ಥಾನದಲ್ಲಿ ಐಂದ್ರಜಾಲಿಕನಿಗೆ ಕುರ್ಚಿಯಿತ್ತು. ಬೀದಿಯಲ್ಲಿದ್ದವನಿಗೆ ಇದ್ದದ್ದು ನೆಲ.

ನಮ್ಮ ಕಲಬುರಗಿ ಸೀಮೆಯ ಜಾದೂ ಚರಿತ್ರೆ ಆ ನೆಲದ್ದೇ. ಮೊದಲು ಹೇಳಬೇಕಾದ ಹೆಸರು ಸುಡುಗಾಡು ಸಿದ್ಧರದು. ಊರೂರು ತಿರುಗುವ ಈ ಅಲೆಮಾರಿಗಳ ಕಸುಬಿನಲ್ಲಿ ಭಿಕ್ಷೆಯ ಜೊತೆಗೆ ಕೈಚಳಕವೂ ಇತ್ತು. ಬರಿಗೈಯಲ್ಲಿ ವಸ್ತು ಹುಟ್ಟಿಸುವುದು, ಹುಟ್ಟಿಸಿದ್ದನ್ನು ಮಾಯ ಮಾಡುವುದು ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಇನ್ನೊಂದು ಮೋಡಿ ಆಟ. ಬಯಲಲ್ಲಿ ಒಬ್ಬ ಮೋಡಿ ಹಾಕಬೇಕು, ಎದುರಾಳಿ ಅದನ್ನು ತೆಗೆಯಬೇಕು. ತೆಗೆಯಲು ಬಂದವನು ನಡುದಾರಿಯಲ್ಲಿ ಕಾಲು ಸೆಟೆದು ಬೀಳುತ್ತಾನೆ, ಹೊರಳಾಡುತ್ತಾನೆ, ಎದ್ದು ಮತ್ತೆ ಬರುತ್ತಾನೆ. ಎರಡೂ ಕಡೆಯವರು ಒಳಗೊಳಗೇ ಮಾತಾಡಿಕೊಂಡಿರುತ್ತಾರೆ ಎಂಬ ಗುಮಾನಿ ನೋಡುವವರಿಗೆ ಇದ್ದೇ ಇರುತ್ತದೆ. ಹಾಗಂತ ಎದ್ದು ಹೋದವರಿಲ್ಲ.

ಮೂರನೆಯವನು ಮದಾರಿ. ಉರ್ದು, ದಖನಿ, ಕನ್ನಡ ಮೂರೂ ಬೆರೆತ ಊರಿನಲ್ಲಿ ಅವನ ಆಟಕ್ಕೆ ಅನುವಾದ ಬೇಕಿರಲಿಲ್ಲ. ಡಮರು ಬಾರಿಸಿ ಜನ ಸೇರಿಸುತ್ತಾನೆ. ಚಾದರ ಹೊದ್ದು ಮಲಗಿದ ಹುಡುಗ ‘ಜಮೂರಾ’, ಕೇಳುವವನು ‘ಉಸ್ತಾದ್’. ಈ ಸಾಹೇಬರ ಕಿಸೆಯಲ್ಲೇನಿದೆ, ಆ ಅಕ್ಕನ ಸೀರೆಯ ಬಣ್ಣ ಯಾವುದು ಎಂದು ಉಸ್ತಾದ್ ಕೇಳುತ್ತಾನೆ. ಚಾದರದೊಳಗಿಂದ ಸರಿಯುತ್ತರ ಬರುತ್ತದೆ. ಗುಟ್ಟು ಪ್ರಶ್ನೆಯ ಮಾತಿನಲ್ಲೇ ಇದೆ: ‘ಬೋಲ್’ ಅಂದರೆ ಒಂದು, ‘ಜಲ್ದಿ ಬೋಲ್’ ಅಂದರೆ ಇನ್ನೊಂದು ಎನ್ನುವ ಬಗೆಯ ಸಂಕೇತ. 1846ರಿಂದ ಪ್ಯಾರಿಸ್ಸಿನಲ್ಲಿ ಜಾದೂಗಾರ ರಾಬರ್ಟ್ ಹೂದಾಂ ತನ್ನ ಮಗನ ಕಣ್ಣಿಗೆ ಬಟ್ಟೆ ಕಟ್ಟಿ ಇದೇ ಜಾತಿಯ ಆಟ ತೋರಿಸಿ ಶ್ರೀಮಂತರನ್ನು ದಂಗುಬಡಿಸಿದ. ಅಲ್ಲಿ ಅದಕ್ಕೆ ಟಿಕೆಟ್ ಇತ್ತು. ಇಲ್ಲಿ ಚಾದರದ ಮೇಲೆ ಬಿದ್ದ ಚಿಲ್ಲರೆ.

ಒಂದು ವ್ಯತ್ಯಾಸವನ್ನು ಗಮನಿಸಲೇಬೇಕು. ರಂಗದ ಜಾದೂಗಾರನಿಗೆ ಮುಂದೆ ಮಾತ್ರ ಜನ. ಬೆನ್ನ ಹಿಂದೆ ಕಪ್ಪು ಪರದೆ, ಪಕ್ಕದಲ್ಲಿ ವಿಂಗು, ತಲೆಯ ಮೇಲೆ ಅವನಿಗೆ ಬೇಕಾದ ಬೆಳಕು. ಮದಾರಿಯ ಸುತ್ತ ಎಲ್ಲ ಕಡೆ ಕಣ್ಣು, ನೆತ್ತಿಯ ಮೇಲೆ ಕಲಬುರಗಿಯ ಬಿಸಿಲು. ಅವನ ಬಟ್ಟಲು–ಗುಂಡಿನ ಆಟವನ್ನು ಹತ್ತಿರದಿಂದ ನೋಡಿ. ಕುಕ್ಕರಗಾಲಲ್ಲಿ ಕೂತಿದ್ದಾನೆ. ಮೂರು ಕಟ್ಟಿಗೆ ಬಟ್ಟಲು, ತಲೆಯ ಮೇಲೆ ಗುಬುಟು. ಎರಡು ಬೆರಳ ಸಂದಿಯಲ್ಲಿ ಆ ಗುಬುಟು ಹಿಡಿದು ಎತ್ತುವುದರಿಂದ ಅಂಗೈ ಸಹಜವಾಗಿ ಬಟ್ಟಲಿನ ಬಾಯಿಗೆ ಹತ್ತಿರವಾಗುತ್ತದೆ. ಬಟ್ಟೆಯ ಗುಂಡು ಒಳಹೋಗುವುದು ಆ ಎತ್ತಿ ಇಡುವ ಗಳಿಗೆಯಲ್ಲಿ. ಆಗ ನಿಮ್ಮ ಕಣ್ಣು ಅವನ ಮಾತಿನ ಹಿಂದೆ ಹೋಗಿರುತ್ತದೆ. ಇದೇ ಬಟ್ಟಲಾಟದ ವಿಲಾಯಿತಿ ರೂಪವನ್ನು ಆಡಿ ತೋರಿಸಿ, ಇಂದಿನ ಬ್ರಿಟನ್ ದೊರೆ ಚಾರ್ಲ್ಸ್ ಯುವರಾಜನಾಗಿದ್ದಾಗ 1975ರಲ್ಲಿ ಮ್ಯಾಜಿಕ್ ಸರ್ಕಲ್‌ನ ಪರೀಕ್ಷೆ ಪಾಸಾದದ್ದು.

ಯೂರೋಪಿನಲ್ಲಿ ಜಾದೂಗಾರನ ಜೀವ ಉಳಿಸಿದ್ದು ಗುಟ್ಟಲ್ಲ, ಗುಟ್ಟು ಬಿಚ್ಚಿದ ಪುಸ್ತಕ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಮಾಟಗಾತಿಯರ ಬೇಟೆಯನ್ನು ಖಂಡಿಸಿ ಒಂದು ದೊಡ್ಡ ಗ್ರಂಥ ಬರೆದ. ಕೈಚಳಕದವರು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡವರಲ್ಲ ಎಂದು ತೋರಿಸಲು ಅವರ ತಂತ್ರಗಳನ್ನು ಅದರಲ್ಲಿ ವಿವರಿಸಿದ. ಮುಂದೆ ರಾಬರ್ಟ್ ಹೂದಾಂ ಮಂತ್ರವಾದಿಯ ನಿಲುವಂಗಿ ಕಿತ್ತೊಗೆದು ಸಭ್ಯರ ಕೋಟು ತೊಟ್ಟು ರಂಗಕ್ಕೆ ಬಂದ. ಸಭ್ಯನಾದ ಮೇಲೆ ಕ್ಲಬ್ಬು ಬೇಡವೇ? 1902ರಲ್ಲಿ ನ್ಯೂಯಾರ್ಕಿನ ಜಾದೂ ಅಂಗಡಿಯೊಂದರ ಹಿಂಬದಿಯಲ್ಲಿ ಅಮೆರಿಕನ್ ಜಾದೂಗಾರರ ಸಂಘ ಹುಟ್ಟಿತು. 1905ರಲ್ಲಿ ಲಂಡನ್ನಿನ ಊಟದ ಹೋಟೆಲೊಂದರಲ್ಲಿ ಮ್ಯಾಜಿಕ್ ಸರ್ಕಲ್. ಗುಟ್ಟು ಹೊರಹಾಕಿದರೆ ಸದಸ್ಯತ್ವ ಹೋಯಿತು. ಮ್ಯಾಜಿಕ್ ಸರ್ಕಲ್‌ನ ಮೊದಲ ಅಧ್ಯಕ್ಷ ಡೇವಿಡ್ ಡೆವಾಂಟ್‌ಗೂ ಪತ್ರಿಕೆಯಲ್ಲಿ ತಂತ್ರ ಬರೆದ ತಪ್ಪಿಗೆ ರಿಯಾಯಿತಿ ಸಿಗಲಿಲ್ಲ.

ಕ್ಲಬ್ಬುಗಳ ಪೈಕಿ ಎಲ್ಲರ ಬಾಯಲ್ಲಿರುವುದು ಹಾಲಿವುಡ್‌ನ ಮ್ಯಾಜಿಕ್ ಕ್ಯಾಸಲ್. 1909ರಲ್ಲಿ ಕಟ್ಟಿದ ಬಂಗಲೆ, ಲಾರ್ಸೆನ್ ಕುಟುಂಬದವರ ಕೈಯಲ್ಲಿ 1963ರ ಜನವರಿಯಲ್ಲಿ ಕ್ಲಬ್ಬಾಗಿ ಬಾಗಿಲು ತೆರೆಯಿತು. ಸದಸ್ಯರಿಗೆ, ಇಲ್ಲವೇ ಅವರ ಅತಿಥಿಗಳಿಗೆ ಮಾತ್ರ ಪ್ರವೇಶ. ಒಳಗೆ ಹೋದರೆ ಎದುರಿಗೆ ಪುಸ್ತಕದ ಕಪಾಟು, ಅದರಲ್ಲೊಂದು ಗೂಬೆಯ ಬೊಂಬೆ. ಅದರ ಮುಂದೆ ನಿಂತು ಆಲಿಬಾಬಾನ ಮಂತ್ರ ಹೇಳಬೇಕು, ನಮ್ಮ ಕಡೆಯ ಮಕ್ಕಳೂ ಬಲ್ಲ ‘ಖುಲ್ ಜಾ ಸಿಮ್ ಸಿಮ್’. ಕಪಾಟು ಸರಿದು ದಾರಿ ಬಿಡುತ್ತದೆ. ಒಂದು ಕೋಣೆಯಲ್ಲಿ ಇರ್ಮಾ ಎಂಬ ಕಾಣದ ಭೂತ ಪಿಯಾನೊ ನುಡಿಸುತ್ತದೆ, ಕೇಳಿದ ಹಾಡನ್ನೂ ನುಡಿಸುತ್ತದೆ. ದೊಡ್ಡ ರಂಗ, ಮಧ್ಯಮ ಗಾತ್ರದ ಪಾರ್ಲರ್, ಬೆರಳೆಣಿಕೆಯ ಕುರ್ಚಿಗಳ ಕ್ಲೋಸ್‌ಅಪ್ ಕೋಣೆ ಹೀಗೆ ಆಟಕ್ಕೆ ತಕ್ಕ ಜಾಗ. ‘ಪ್ರೊಫೆಸರ್’ ಎಂದೇ ಹೆಸರಾಗಿದ್ದ ಇಸ್ಪೀಟು ಕೈಚಳಕದ ಡಾಯ್ ವೆರ್ನನ್ ವರ್ಷಗಟ್ಟಲೆ ಅಲ್ಲೇ ಕೂತು ಕಿರಿಯರಿಗೆ ಪಾಠ ಹೇಳಿದ. ಕ್ಲಬ್ಬಿನ ನಿಜವಾದ ಬೆಲೆ ಗೂಬೆಯಲ್ಲಿಲ್ಲ, ಆ ಮುದುಕನ ಮೇಜಿನಲ್ಲಿದೆ.

ಭಾರತದಲ್ಲಿ ಸಂಘ ಕಟ್ಟುವ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಬಂಗಾಳದ ಪಿ.ಸಿ. ಸರ್ಕಾರ್ (1913–1971). ಅಖಿಲ ಭಾರತ ಮ್ಯಾಜಿಕ್ ಸರ್ಕಲ್ ಅವರದೇ. ರಾಬರ್ಟ್ ಹೂದಾಂ ಕಳಚಿದ ವೇಷವನ್ನು ಸರ್ಕಾರ್ ಮತ್ತೆ ತೊಟ್ಟರು: ಮಹಾರಾಜನ ಪೇಟ, ಶೆರ್ವಾನಿ, ‘ಇಂದ್ರಜಾಲ್’ ಎಂಬ ಹೆಸರು. 1956ರ ಏಪ್ರಿಲ್‌ನಲ್ಲಿ ಬಿಬಿಸಿ ಟಿ.ವಿ.ಯಲ್ಲಿ ಹುಡುಗಿಯೊಬ್ಬಳನ್ನು ಗರಗಸದಲ್ಲಿ ಕೊಯ್ದರು. ಅವಳನ್ನು ಎಬ್ಬಿಸುವ ಮೊದಲೇ ಕಾರ್ಯಕ್ರಮದ ಹೊತ್ತು ಮುಗಿಯಿತು. ಕೊಲೆಯಾಯಿತೆಂದು ಗಾಬರಿಬಿದ್ದ ಜನರ ಫೋನ್ ಕರೆಗಳು ಬಿಬಿಸಿಗೆ ಸಾಲುಗಟ್ಟಿದವು. ಹೊತ್ತು ಮುಗಿದದ್ದು ಆಕಸ್ಮಿಕವೆಂದು ನಂಬುವ ಜಾದೂಗಾರ ನನಗಿನ್ನೂ ಸಿಕ್ಕಿಲ್ಲ.

ಸರ್ಕಾರ್ ಪೇಟ ದೇಶದ ಮೂಲೆಮೂಲೆಯ ಜಾದೂಗಾರರ ತಲೆಗೇರಿತು. ಕರಾವಳಿಯಲ್ಲಿ ಉಡುಪಿಯ ಪ್ರೊ. ಶಂಕರ್, ಮಂಗಳೂರಿನ ಕುದ್ರೋಳಿ ಗಣೇಶ್, ಬೆಂಗಳೂರಿನಲ್ಲಿ ಉದಯ್ ಜಾದೂಗಾರ್, ಕೈನೆರಳಿನಾಟಕ್ಕೂ ಹೆಸರಾದ ಪ್ರಹ್ಲಾದ ಆಚಾರ್ಯ ಇವರೆಲ್ಲ ಕನ್ನಡ ನಾಡಿನ ರಂಗಜಾದೂವನ್ನು ತಮ್ಮತಮ್ಮ ದಾರಿಯಲ್ಲಿ ಬೆಳೆಸಿದವರು. ಪಕ್ಕದ ಕೇರಳದಲ್ಲಿ ಗೋಪಿನಾಥ್ ಮುತ್ತುಕಾಡ್ 1996ರಲ್ಲಿ ತಿರುವನಂತಪುರದಲ್ಲಿ ಅಕಾಡೆಮಿಯನ್ನೇ ತೆರೆದರು. ಜಾದೂ ಶಾಲೆಯಲ್ಲಿ ಕಲಿಯುವ ವಿಷಯವಾಯಿತು.

ಇಷ್ಟೆಲ್ಲ ಆದರೂ ನಮ್ಮೂರಿನವರು ಜಾದೂ ನೋಡುವುದು ಹೆಚ್ಚಾಗಿ ಮನೆಯಲ್ಲೇ. ಜೇವರ್ಗಿ ಕಾಲೋನಿಯ ಹುಟ್ಟುಹಬ್ಬವೊಂದರಲ್ಲಿ ಕಂಡದ್ದು ಹೇಳುತ್ತೇನೆ. ಸೋಫಾ ಗೋಡೆಗೆ ಸರಿಸಿ, ಮಕ್ಕಳನ್ನು ಜಮಖಾನೆಯ ಮೇಲೆ ಕೂಡಿಸಿದ್ದರು. ಜಾದೂಗಾರ ಕೆಂಪು ಸ್ಪಂಜಿನ ಉಂಡೆಯೊಂದನ್ನು ಹುಡುಗಿಯ ಮುಷ್ಟಿಯಲ್ಲಿಟ್ಟು, ತೆಗೆಯುವಾಗ ಎರಡು ಮಾಡಿದ. ಸ್ಪಂಜು ಅದುಮಿದರೆ ಒಂದಾಗಿ ನಿಲ್ಲುತ್ತದೆ, ಬಿಟ್ಟರೆ ಉಬ್ಬುತ್ತದೆ, ಆಟವೆಲ್ಲ ಅಷ್ಟರಲ್ಲೇ. ಆದರೆ ಅದು ನಡೆದದ್ದು ಅವಳದೇ ಕೈಯೊಳಗೆ. ಅವಳು ಮುಷ್ಟಿ ಬಿಚ್ಚಿ ನೋಡಿದ ಪರಿ ಯಾವ ರಂಗದ ಮೇಲೆ ಆನೆ ಮಾಯವಾದರೂ ಸಿಗುವಂಥದ್ದಲ್ಲ.

“ಹ್ಯಾಂಗ ಮಾಡಿದ್ರಿ ಅಂಕಲ್? ಹೇಳ್ರಿ,” ಎಂದು ಒಬ್ಬ ಹುಡುಗ ಅಂಗಿ ಜಗ್ಗಿದ.

“ಹೇಳಿದ್ರ ನನ್ನ ಹೊಟ್ಟಿ ಹ್ಯಾಂಗ ತುಂಬಬೇಕಪಾ?”

ಹೇಳುವವರ ಪರಂಪರೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಕಲ್ಲಿಕೋಟೆಯ ಬಿ. ಪ್ರೇಮಾನಂದ, ನಮ್ಮ ಹುಲಿಕಲ್ ನಟರಾಜ್ ಊರೂರಲ್ಲಿ ಪವಾಡ ಬಯಲು ಮಾಡಿದರು. 1984ರಿಂದ ಕಲಬುರಗಿಯಲ್ಲಿರುವ ಜಿಲ್ಲಾ ವಿಜ್ಞಾನ ಕೇಂದ್ರ ಮಕ್ಕಳಿಗೆ ವಿಜ್ಞಾನವನ್ನು ಮಾಡಿ ತೋರಿಸುವ ಜಾಗ.  ಪವಾಡ ಬಯಲು ಮಾಡುವವರು ಬಿಚ್ಚುವ ಗುಟ್ಟು ಇಂಥದು: ಪೊಟ್ಯಾಸಿಯಂ ಪರ್ಮಾಂಗನೇಟ್ ಹುಡಿಯ ಮೇಲೆ ತುಪ್ಪದಂತೆ ಕಾಣುವ ಗ್ಲಿಸರಿನ್ ಹನಿಸಿದರೆ ಕಡ್ಡಿ ಗೀರದೆ ಹೋಮ ಹೊತ್ತಿಕೊಳ್ಳುತ್ತದೆ. ಗಂಜಿಯಲ್ಲಿ ಕಟ್ಟಿದ ಬೂದಿಯ ಗುಳಿಗೆ ಹೆಬ್ಬೆರಳ ಸಂದಿಯಲ್ಲಿದ್ದರೆ ಶೂನ್ಯದಿಂದ ವಿಭೂತಿ ಉದುರುತ್ತದೆ. ಇದರಿಂದ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಗೊಣಗುವ ಜಾದೂಗಾರರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಸ್ಕಾಟ್ ಮಾಡಿದ ಕೆಲಸವನ್ನೇ ಪವಾಡ ಬಯಲು ಮಾಡಿದವರೂ ಮಾಡಿದ್ದು: ದೇವರ ಹೆಸರಿನಲ್ಲಿ ವಂಚಿಸುವವನನ್ನೂ ‘ಇದು ಕೈಚಳಕ’ ಎಂದು ಹೇಳಿಯೇ ದುಡ್ಡು ಕೇಳುವವನನ್ನೂ ಬೇರೆ ಮಾಡಿ ನಿಲ್ಲಿಸಿದರು. ಗುಟ್ಟನ್ನು ಬರೀ ಮೋಜಿಗೆ ಹರಾಜು ಹಾಕಿದ್ದು 1997ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ ಮುಖವಾಡದ ಜಾದೂಗಾರ, ಆಮೇಲೆ ಯೂಟ್ಯೂಬು. ಆದರೂ ಟಿಕೆಟ್ ಮಾರಾಟ ನಿಂತಿಲ್ಲ.

ಬಾಗಿಲು ಕಾಯುವುದರಲ್ಲಿ ಕ್ಲಬ್ಬುಗಳು ಕುರುಡಾದದ್ದೂ ಉಂಟು. ಮ್ಯಾಜಿಕ್ ಸರ್ಕಲ್ 1991ರವರೆಗೆ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಆ ವರ್ಷವೇ ಸೋಫಿ ಲಾಯ್ಡ್ ಎಂಬಾಕೆ ‘ರೇಮಂಡ್’ ಎಂಬ ಹುಡುಗನ ವೇಷದಲ್ಲಿ ಪರೀಕ್ಷಕರೆದುರು ಕೂತು ಪಾಸಾದಳು. ಬಾಗಿಲು ಹೆಂಗಸರಿಗೆ ತೆರೆದಾಗ ವೇಷದ ಸತ್ಯ ಹೇಳಿದಳು, ಅವಳನ್ನೇ ಹೊರಗೆ ಹಾಕಿದರು. ವಂಚಿಸಿದ್ದಕ್ಕೆ ಜಾದೂಗಾರರು ಕೋಪಿಸಿಕೊಂಡದ್ದು ತಮಾಷೆಯೇ ಸರಿ. 2025ರಲ್ಲಿ ಮತ್ತೆ ಕರೆದು ಸೇರಿಸಿಕೊಂಡರು. ಇತ್ತ ಗರಗಸದ ಪೆಟ್ಟಿಗೆಯಲ್ಲಿ ಮಲಗುವುದಷ್ಟೇ ಹೆಣ್ಣಿನ ಪಾಲು ಎಂಬ ಕಾಲದಿಂದ, ಏಳು ವರ್ಷಕ್ಕೇ ರಂಗ ಹತ್ತಿದ ಸುಹಾನಿ ಶಾ ತನಕ ಭಾರತವೂ ಬಂದಿದೆ.

ಕ್ಲಬ್ಬುಗಳ ಬಾಗಿಲ ಹೊರಗೇ ಉಳಿದ ಬೀದಿಯವರ ಕಥೆ ಬೇರೆ. 1995ರಲ್ಲಿ ದಿಲ್ಲಿಯ ಕುತುಬ್ ಮಿನಾರ್ ಬಳಿ ಬಯಲಲ್ಲೇ ಹಗ್ಗದ ಆಟ ಆಡಿ ತೋರಿಸಿದವನು ಬೀದಿ ಜಾದೂಗಾರ ಇಶಾಮುದ್ದೀನ್ ಖಾನ್. ಅದೇ ದಿಲ್ಲಿಯಲ್ಲಿ 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಆಟ ಆಡಿ ಕಾಸು ಕೇಳುವುದೂ ಭಿಕ್ಷೆಯೇ, ಅಪರಾಧವೇ ಆಗಿತ್ತು. ಹೈಕೋರ್ಟು ಅದರ ಹಲವು ಕಲಮುಗಳನ್ನು ರದ್ದು ಮಾಡಿದ್ದು 2018ರಲ್ಲಿ. ಸುಡುಗಾಡು ಸಿದ್ಧರ ಹೆಸರು ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಅಲೆಮಾರಿಗಳ ಸವಲತ್ತಿನ ಅರ್ಜಿಗಳಲ್ಲಿ ಅವರ ಮಕ್ಕಳು ಈಗ ಕೇಳುವುದು ನಿವೇಶನ, ಮನೆ, ಜಾತಿ ಪ್ರಮಾಣಪತ್ರ. ಅಪ್ಪಂದಿರ ಕೈಚಳಕವನ್ನು ಬರೆದಿಡಲು ಆ ಅರ್ಜಿಯಲ್ಲಿ ಕಾಲಮ್ಮಿಲ್ಲ.