ಮಸ್ತಿಷ್ಕತರಂಗವೂ ಅನಾಹತನಾದವೂ

ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ನಾದವನ್ನು ಆಹತ, ಅನಾಹತವೆಂದು ವಿಭಾಗಿಸಿ, ಅನಾಹತವು ಮುಕ್ತಿಪ್ರದವಾದರೂ ಜನರಂಜಕವಲ್ಲವೆಂದಿರುವನು. ಮಿದುಳಿನ ತರಂಗಗಳನ್ನು ಯಂತ್ರದಿಂದ ಕೇಳಿಸಿದರೆ ಅದು ಅನಾಹತವಾಗುವುದೇ ಎಂಬುದು ವಿಚಾರಣೀಯವಾಗಿದೆ.

ಜರ್ಮನಿಯ ಯೇನಾ ನಗರದ ವೈದ್ಯನಾದ ಹಾನ್ಸ್ ಬೆರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಯೌವನದಲ್ಲಿ ತನಗೊದಗಿದ ಪ್ರಾಣಾಪಾಯವನ್ನು ದೂರದಲ್ಲಿದ್ದ ಸೋದರಿಯು ಅರಿತಳೆಂಬ ನಂಬಿಕೆಯೇ ಅವನನ್ನು ಈ ಅನ್ವೇಷಣೆಗೆ ಪ್ರೇರಿಸಿದ್ದಿತು. ದೊರೆತುದಾದರೋ ಪರಚಿತ್ತಜ್ಞಾನವಲ್ಲ, ಸೆಕೆಂಡಿಗೆ ಸುಮಾರು 8ರಿಂದ 13 ಆವರ್ತಗಳ ‘ಆಲ್ಫಾ’ ಲಯವು. ಕಣ್ಮುಚ್ಚಿ ವಿಶ್ರಮಿಸಿದಾಗ ಅದು ಪ್ರಬಲವಾಗುವುದು. ಕಣ್ದೆರೆದು ನೋಡಿದರೆ ಕ್ಷೀಣಿಸುವುದು. ಕೇಂಬ್ರಿಜ್ಜಿನ ಏಡ್ರಿಯನ್, ಮ್ಯಾಥ್ಯೂಸರು 1934ರಲ್ಲಿ ಇದನ್ನು ದೃಢಪಡಿಸಿದರು.

1965ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ ಆಲ್ವಿನ್ ಲೂಸಿಯರನು, ಭೌತವಿಜ್ಞಾನಿ ಎಡ್ಮಂಡ್ ಡ್ಯೂವನ್ನನ ನೆರವಿನಿಂದ, ತನ್ನ ತಲೆಗೆ ವಿದ್ಯುದಗ್ರಗಳನ್ನು ಕಟ್ಟಿಕೊಂಡು ಸಭೆಯಲ್ಲಿ ನಿಶ್ಚಲನಾಗಿ ಕುಳಿತನು. ಶ್ರವಣಸೀಮೆಗಿಂತ ಕೆಳಗಿರುವ ಆ ಲಯವನ್ನು ವರ್ಧಿಸಿ ಧ್ವನಿವರ್ಧಕಗಳಿಗೆ ಹರಿಸಲು, ಅವುಗಳ ಕಂಪನದಿಂದ ನಗಾರಿ, ಜಾಗಟೆಗಳು ಮೊಳಗಿದುವು.

ಇಲ್ಲಿ ಕೇಳಿಸಿದುದು ಆಹತನಾದವೇ. ಚರ್ಮವೂ ಕಂಚೂ ಕಂಪಿಸಿದಲ್ಲದೆ ಶಬ್ದವಿಲ್ಲ. ಧೂಮವು ಅಗ್ನಿಯಲ್ಲದಂತೆ ಈ ಲಯವು ಚಿತ್ತಾವಸ್ಥೆಯ ಲಿಂಗಮಾತ್ರವೇ ಹೊರತು ಚೈತನ್ಯವಲ್ಲ. ಆದರೂ, ನೋಡಹೊರಟೊಡನೆ ಅಡಗಿ ಮನಸ್ಸು ಸಡಿಲಿದಾಗ ಮೊಳಗುವ ಈ ವಾದ್ಯವು ಯೋಗಸೂತ್ರದ ‘ಪ್ರಯತ್ನಶೈಥಿಲ್ಯ’ವೆಂಬ ಪದಕ್ಕೆ ಹೊಸದೊಂದು ದೃಷ್ಟಾಂತವನ್ನು ಒದಗಿಸಿದೆ. ಅದನ್ನು ಸ್ವೀಕರಿಸೋಣ, ಅದಕ್ಕಿಂತ ಹೆಚ್ಚಿನದನ್ನು ಅದರ ಮೇಲೆ ಆರೋಪಿಸದಿರೋಣ.