ಮೂಲ ಅಲ್ಲಿ, ಪ್ರತಿ ಇಲ್ಲಿ

1844ರಲ್ಲಿ ಕಂಪನಿ ಸರ್ಕಾರ ಮದರಾಸು ಸೈನ್ಯದ ರಾಬರ್ಟ್ ಗಿಲ್ ಎಂಬ ಅಧಿಕಾರಿಯನ್ನು ಅಜಂತಾಕ್ಕೆ ಕಳಿಸಿತು. ಗೋಡೆಯ ಚಿತ್ರಗಳನ್ನು ಕ್ಯಾನ್‌ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಪ್ರತಿ ತೆಗೆಯುವುದು ಅವನ ಕೆಲಸ. ಅಜಂತಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವರ್ಷಗಟ್ಟಲೆ ಕೂತು ಮಾಡಿದ ಆ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಬೆಂಕಿ ಬಿದ್ದಾಗ ಸುಟ್ಟುಹೋದವು. 1872ರಿಂದ ಮುಂಬಯಿಯ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮತ್ತೆ ಶುರು ಮಾಡಿದ. 1885ರಲ್ಲಿ ಲಂಡನ್ನಿನಲ್ಲೇ ಇನ್ನೊಂದು ಬೆಂಕಿ; ಅವೂ ಬಹಳಷ್ಟು ಹೋದವು.

ಮುಂದೆ ಬಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಗುರುವಿನ ಚಿತ್ರವನ್ನು ಪ್ರತಿ ಮಾಡುತ್ತಲೇ ಕಲಿಯಬೇಕು ಎನ್ನುವ ಇಟಲಿಯ ಚೆನ್ನಿನೊ ಚೆನ್ನಿನಿಯ ಹಳೆಯ ಗ್ರಂಥವನ್ನು 1899ರಲ್ಲಿ ಇಂಗ್ಲಿಷಿಗೆ ತಂದಾಕೆ. 1909ರಿಂದ 1911ರ ನಡುವೆ ಅಜಂತಾದಲ್ಲಿ ಆಕೆಯ ಜೊತೆ ಕೆಲಸ ಮಾಡಿದವರಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಇದ್ದರು; ಹೈದರಾಬಾದ್ ಕಡೆಯಿಂದ ಸಯ್ಯದ್ ಅಹ್ಮದ್ ಇದ್ದರು; ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ ಓದಲು ಕಳಿಸಿದ್ದ ಹುಡುಗ, ಅವನೀಂದ್ರನಾಥ ಠಾಕೂರರ ಶಿಷ್ಯ. ಮನೆ ಬಿಟ್ಟು ಅಷ್ಟು ದೂರ ಹೋದವನಿಗೆ ಸಿಕ್ಕ ಪಾಠ ಏನು ಅಂದರೆ, ಸಾವಿರದೈನೂರು ವರ್ಷ ಹಿಂದಿನವನ ಗೆರೆಯ ಮೇಲೆ ತನ್ನ ಗೆರೆ ಎಳೆಯುವುದು!

ಇದರ ಅರ್ಥ ನನಗೆ ನಿವೃತ್ತಿಯ ನಂತರ ಕುಂಚ ಹಿಡಿದ ಮೇಲೆ ತಿಳಿಯಿತು. ಫಿನ್ಲೆಂಡಿನ ಹ್ಯೂಗೊ ಸಿಂಬರ್ಗ್ 1896ರಲ್ಲಿ ಬರೆದ 'ಸಾವಿನ ತೋಟ' ಅಂತ ಒಂದು ಚಿತ್ರ ಇದೆ. ಕಪ್ಪು ನಿಲುವಂಗಿ ತೊಟ್ಟ ಅಸ್ಥಿಪಂಜರಗಳು ಅಕ್ಕರೆಯಿಂದ ಗಿಡ ನೋಡಿಕೊಳ್ಳುತ್ತವೆ. ಮೂಲ ಜಲವರ್ಣದ್ದು, ನಾನು ಎಣ್ಣೆಯಲ್ಲಿ ಮಾಡ್ತಾ ಇದ್ದೇನೆ. ಮೊದಲು ಚೌಕ ಹಾಕಿಕೊಳ್ಳಬೇಕು. ಆಮೇಲೆ ಟರ್ಪೆಂಟೈನಿನಲ್ಲಿ ತೆಳು ಮಾಡಿದ ಕಂದು ಬಣ್ಣ, ಅದು ಒಣಗಿದ ಮೇಲೆ ಅಗಸೆ ಎಣ್ಣೆ ಹೆಚ್ಚಿರುವ ಪದರ. ಕೆಳಗೆ ಎಣ್ಣೆ ಜಾಸ್ತಿಯಾದರೆ ಮೇಲಿನದು ಬಿರುಕು ಬಿಡುತ್ತದೆ. ಬ್ಯಾಂಕಿನಲ್ಲೂ ಹಾಗೇ ಅಲ್ಲವೇ, ಹಿರಿಯ ಗುಮಾಸ್ತರ ಲೆಡ್ಜರ್ ನೋಡಿ ಬರೆದೇ ನಾವೆಲ್ಲ ಕಲಿತದ್ದು.

1956ರ ನವೆಂಬರ್ 1ರಂದು ಸಂಸ್ಥಾನ ಮೂರು ಪಾಲಾಯಿತು. ಅಜಂತಾ ಮರಾಠವಾಡದ ಜೊತೆ ಮುಂಬಯಿ ರಾಜ್ಯಕ್ಕೆ, ನಮ್ಮ ಕಲಬುರಗಿ, ಬೀದರ, ರಾಯಚೂರು ಮೈಸೂರು ರಾಜ್ಯಕ್ಕೆ ಹೋದವು. ನಮ್ಮ ತಂದೆಯ ಕಾಲದವರಿಗೆ ರಾಜಧಾನಿಯಾಗಿದ್ದ ಈ ಊರು ನನ್ನ ಕಾಲಕ್ಕೆ ಪರವೂರಾಯಿತು. ಸಯ್ಯದ್ ಅಹ್ಮದರು ತೆಗೆದ ಅಜಂತಾ ಪ್ರತಿಗಳು ಮಾತ್ರ ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್ ವಸ್ತುಸಂಗ್ರಹಾಲಯದಲ್ಲೇ ಉಳಿದವು.

ಹಾಗಂತ ಅವು ಬರೀ ನೆನಪಿನ ಸಾಮಾನಲ್ಲ. ಗುಹೆಯ ಚಿತ್ರಗಳನ್ನು ಉಳಿಸಲೆಂದು ನಿಜಾಮ ಸರ್ಕಾರ 1920ರ ಹೊತ್ತಿಗೆ ಇಟಲಿಯ ತಜ್ಞರನ್ನು ಕರೆಸಿತ್ತು. ಅವರು ಬಳಿದ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗಟ್ಟಿ ಬಣ್ಣ ಮಂಕಾಯಿತು. ಅದಕ್ಕೆ ಮುಂಚೆ ಗೋಡೆ ಹೇಗಿತ್ತು ಅಂತ ತಿಳಿಯಬೇಕಾದರೆ, ವೆಂಕಟಪ್ಪನವರು ಮತ್ತು ಅವರ ಜೊತೆಗಾರರು ಕಣ್ಣಿಟ್ಟು ತೆಗೆದ ಪ್ರತಿಗಳನ್ನೇ ಕೇಳಬೇಕು.